ಕ್ಯಾಂಪರ್‌ವ್ಯಾನಿನ ಬ್ಯಾಟರಿಗೆ ಯಾವ ಚಾರ್ಜರ್ ತಗೋಬೇಕು?

ಕಳೆದ ಅಕ್ಟೋಬರ್‌ನಲ್ಲಿ ವೇಲ್ಸ್‌ನ ಬ್ರೆಕನ್ ಬೀಕನ್ಸ್ ಬೆಟ್ಟದ ಬುಡದಲ್ಲಿ, ರೈತರೊಬ್ಬರ ಹೊಲದಲ್ಲಿ ವ್ಯಾನ್ ನಿಲ್ಲಿಸಿ ಮಲಗಿದ್ದೆವು. ಕರೆಂಟ್ ಇಲ್ಲದ ಜಾಗ. ಬೆಳಗಿನ ಜಾವ ನಾಲ್ಕಕ್ಕೆ ಹೀಟರ್ ಗಕ್ಕನೆ ನಿಂತಿತು. ಫ್ರಿಜ್ಜೂ ಸುಮ್ಮನಾಗಿತ್ತು. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಮಲ್ಟಿಮೀಟರ್ ಇಟ್ಟು ನೋಡಿದರೆ ಬ್ಯಾಟರಿ 11.4 ವೋಲ್ಟ್. ಹಿಂದಿನ ಎರಡು ದಿನ ಇದೇ ಬ್ಯಾಟರಿ ಬೇರೆ ಕ್ಯಾಂಪ್‌ಸೈಟಿನ ಕರೆಂಟಿಗೆ ಸಿಕ್ಕಿಸಿಕೊಂಡೇ ಇತ್ತು, ಪ್ಯಾನೆಲ್‌ನಲ್ಲಿ ಹಸಿರು ದೀಪ ಉರಿಯುತ್ತಲೇ ಇತ್ತು. ಹಾಗಾದರೆ ಎರಡು ದಿನದ ಚಾರ್ಜ್ ಎಲ್ಲಿಗೆ ಹೋಯಿತು?

ಎಲ್ಲಿಗೂ ಹೋಗಿರಲಿಲ್ಲ, ಒಳಗೆ ಬಂದೇ ಇರಲಿಲ್ಲ. ಸೆಕೆಂಡ್ ಹ್ಯಾಂಡ್ ವ್ಯಾನ್. ಸೀಟಿನ ಕೆಳಗೆ ಅದರ ಜೊತೆಗೇ ಬಂದ ಹಳೆಯ ಚಾರ್ಜರ್. ಅದು ಯಾವಾಗಲೂ 13.8 ವೋಲ್ಟ್ ಕೊಟ್ಟುಕೊಂಡು ಕೂರುವ ಜಾತಿಯದು. ಲೆಡ್ ಬ್ಯಾಟರಿ ಒಂದು ಮಟ್ಟಕ್ಕೆ ತುಂಬಿದ ಮೇಲೆ 13.8ಕ್ಕೆ ಅದರ ಹಸಿವೇ ಸತ್ತುಹೋಗುತ್ತದೆ, ಕರೆಂಟ್ ಎಳೆಯುವುದು ತೀರಾ ಕಡಿಮೆಯಾಗುತ್ತದೆ. ಉಳಿದದ್ದು ತುಂಬಬೇಕಾದರೆ ಅದನ್ನು ಕೆಲವು ಗಂಟೆ 14.4ರ ಹತ್ತಿರ ಹಿಡಿದಿಡಬೇಕು. 13.8ರಲ್ಲೇ ಬಿಟ್ಟರೆ ದಿನಗಟ್ಟಲೆ ಬೇಕು. ವೀಕೆಂಡಿನಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ? ಹೀಗೆ ಅರೆಹೊಟ್ಟೆಯಲ್ಲೇ ತಿಂಗಳುಗಟ್ಟಲೆ ಇದ್ದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ನಿಜವಾಗಿಯೂ ಸಣ್ಣದಾಗುತ್ತಾ ಹೋಗುತ್ತದೆ. ನನ್ನದು ಹಾಗೇ ಸತ್ತದ್ದು. ತಪ್ಪು ಬ್ಯಾಟರಿಯದಲ್ಲ, ಚಾರ್ಜರಿನದು. ಅದಕ್ಕಿಂತ ಹೆಚ್ಚಾಗಿ ಹಸಿರು ದೀಪ ನಂಬಿದ ನನ್ನದು.

ಇಲ್ಲಿ ಬ್ರಿಟನ್‌ನಲ್ಲಿ ವ್ಯಾನ್ ತಗೊಂಡ ನಮ್ಮವರು ಇತ್ತೀಚೆಗೆ ಜಾಸ್ತಿ ಆಗಿದ್ದಾರೆ. ಫೋನ್ ಮಾಡಿ ಕೇಳುವ ಪ್ರಶ್ನೆ ಒಂದೇ: 'ಎಷ್ಟು ಆಂಪ್ಸ್ ಚಾರ್ಜರ್ ತಗೊಳ್ಳಲಿ?' ಅದು ಎರಡನೇ ಪ್ರಶ್ನೆ. ಮೊದಲನೆಯದು, ನಿಮ್ಮ ವ್ಯಾನಿನಲ್ಲಿರುವ ಬ್ಯಾಟರಿ ಯಾವುದು?

ಹೊಸಬರಿಗೆ ಒಂದು ಮಾತು. ವ್ಯಾನಿನಲ್ಲಿ ಎರಡು ಬ್ಯಾಟರಿ ಇರುತ್ತವೆ. ಒಂದು ಎಂಜಿನ್ ಸ್ಟಾರ್ಟ್ ಮಾಡಲು. ಇನ್ನೊಂದು ಲೈಟು, ಫ್ರಿಜ್ಜು, ನೀರಿನ ಪಂಪು, ಹೀಟರಿನ ಫ್ಯಾನಿಗೆ. ಎರಡನೆಯದನ್ನು ಇಲ್ಲಿ ಲೀಷರ್ ಬ್ಯಾಟರಿ ಅನ್ನುತ್ತಾರೆ. ಊರಲ್ಲಿ ಮನೆಯ ಯುಪಿಎಸ್ ಕೆಳಗೆ ಕೂತಿರುತ್ತದಲ್ಲ, ಅಪ್ಪ ಆಗಾಗ ಡಿಸ್ಟಿಲ್ಡ್ ವಾಟರ್ ಸುರಿಯುತ್ತಿದ್ದ ಬ್ಯಾಟರಿ, ಅದರ ತಮ್ಮ ಅಂದುಕೊಳ್ಳಿ. ನಿಧಾನವಾಗಿ ಆಳಕ್ಕೆ ಇಳಿದು ಮತ್ತೆ ತುಂಬಿಕೊಳ್ಳುವುದು ಇವೆರಡರ ಕೆಲಸ. ಯುಪಿಎಸ್‌ನಲ್ಲಿ ಚಾರ್ಜರ್ ಪೆಟ್ಟಿಗೆಯೊಳಗೇ ಇರುತ್ತದೆ, ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ವ್ಯಾನಿನಲ್ಲಿ ಅದನ್ನು ನಾವೇ ಆರಿಸಬೇಕು. (ಗೆಳೆಯರೊಬ್ಬರು ಊರಿಂದ ಯುಪಿಎಸ್ಸನ್ನೇ ತರಲಾ ಅಂತ ಕೇಳಿದ್ದರು. ಬೇಡ ಮಾರಾಯ್ರೇ.)

ಬ್ಯಾಟರಿಯ ಮೇಲಿನ ಲೇಬಲ್ ಓದಿ. ಧೂಳು ಒರೆಸಿ ಓದಿ, ಫೋನಿನಲ್ಲಿ ಫೋಟೋ ತೆಗೆದಿಡಿ. ಅದು ನಾಲ್ಕರಲ್ಲಿ ಒಂದಾಗಿರುತ್ತದೆ: ಮಾಮೂಲಿ ನೀರಿನ ಲೆಡ್ ಆಸಿಡ್, ಎಜಿಎಂ (ಆಸಿಡ್ಡನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟ ಲೆಡ್ ಬ್ಯಾಟರಿ), ಜೆಲ್, ಇಲ್ಲವೇ ಲಿಥಿಯಂ ಐರನ್ ಫಾಸ್ಫೇಟ್. ಮಾಮೂಲಿ ಲೆಡ್ಡಿಗೆ ಚಾರ್ಜ್ ಮಾಡುವಾಗ ಸುಮಾರು 14.4 ವೋಲ್ಟ್ ಬೇಕು. ಎಜಿಎಂ ಕಂಪನಿಯ ಮೇಲೆ ಹೋಗುತ್ತದೆ, 14.4ರಿಂದ 14.7. ಜೆಲ್ ಸೂಕ್ಷ್ಮ, ಅದಕ್ಕೆ 14.1ರಿಂದ 14.4. ಅದಕ್ಕಿಂತ ಮೇಲೆ ಹೋದರೆ ಒಳಗಿನ ಜೆಲ್‌ನಲ್ಲಿ ಗುಳ್ಳೆ ಎದ್ದು ಹಾಳಾಗುತ್ತದೆ, ಸರಿಮಾಡಲು ಆಗುವುದಿಲ್ಲ. ಲಿಥಿಯಂಗೆ 14.2ರಿಂದ 14.4 ಸಾಕು. ಇವೆಲ್ಲ ಹತ್ತಿರ ಹತ್ತಿರದ ಅಂಕಿ ಅನ್ನಿಸುತ್ತದೆ, ಅಲ್ವಾ? ಆದರೆ ನನ್ನ ಬ್ಯಾಟರಿ ಸತ್ತದ್ದು 0.6 ವೋಲ್ಟ್ ಕೊರತೆಯಿಂದ. ಇಲ್ಲಿ ಹೇಳಿದ ಅಂಕಿಗೂ ನಿಮ್ಮ ಬ್ಯಾಟರಿಯ ಹಾಳೆಯಲ್ಲಿರುವ ಅಂಕಿಗೂ ವ್ಯತ್ಯಾಸ ಕಂಡರೆ ಹಾಳೆಯದ್ದನ್ನೇ ನಂಬಿ.

ಒಳ್ಳೆಯ ಚಾರ್ಜರ್ ಮೂರು ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲು ತನ್ನ ಪೂರ್ತಿ ಆಂಪ್ಸ್ ತಳ್ಳುತ್ತದೆ. 14.4 ಮುಟ್ಟಿದ ಮೇಲೆ ವೋಲ್ಟೇಜನ್ನು ಅಲ್ಲೇ ಹಿಡಿದು, ಬ್ಯಾಟರಿ ಎಷ್ಟು ಎಳೆಯುತ್ತದೋ ಅಷ್ಟು ಕೊಡುತ್ತದೆ. ತುಂಬಿದ ಮೇಲೆ 13.5ರಿಂದ 13.8ಕ್ಕೆ ಇಳಿದು ಸುಮ್ನೆ ಕಾವಲು ಕಾಯುತ್ತದೆ, ಇದಕ್ಕೆ ಫ್ಲೋಟ್ ಅನ್ನುತ್ತಾರೆ. ನನ್ನ ಹಳೆಯದಕ್ಕೆ ಈ ಕೊನೆಯ ಹಂತ ಮಾತ್ರ ಗೊತ್ತಿತ್ತು. ಇದಕ್ಕೆ ತದ್ವಿರುದ್ಧದ್ದೂ ಇದೆ. ಗ್ಯಾರೇಜಿನ ಮೂಲೆಯಲ್ಲಿ ಸಿಗುವ ಕಬ್ಬಿಣದ ಪೆಟ್ಟಿಗೆಯಂಥ, ಮುಳ್ಳಿನ ಮೀಟರ್ ಇರುವ ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರ್. ಅದಕ್ಕೆ ನಿಲ್ಲಿಸುವುದೇ ಗೊತ್ತಿಲ್ಲ. ರಾತ್ರಿ ಬಿಟ್ಟರೆ 15 ವೋಲ್ಟ್ ದಾಟಿಸಿ ಬ್ಯಾಟರಿಯ ನೀರು ಕುದಿಸುತ್ತದೆ. ಮಲಗುವ ವ್ಯಾನಿನಲ್ಲಿ ಅದು ಬೇಡವೇ ಬೇಡ.

ಈಗ ಆಂಪ್ಸ್.

ಲೆಡ್ ಬ್ಯಾಟರಿಗೆ ಅದರ ಆಂಪಿಯರ್ ಅವರ್‌ನ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಶೇಕಡಾ 10ರಿಂದ 20 ಅನ್ನುವುದು ಹಳೆಯ ಲೆಕ್ಕ, ಈಗಲೂ ಸರಿಯಾಗಿದೆ. 100 ಆಂಪಿಯರ್ ಅವರ್ ಬ್ಯಾಟರಿಗೆ 10ರಿಂದ 20 ಆಂಪ್ಸ್. ಲಿಥಿಯಂ ಇನ್ನೂ ಜಾಸ್ತಿ ತಡೆಯುತ್ತದೆ. 100ಕ್ಕೆ 50 ಆಂಪ್ಸ್‌ವರೆಗೆ ಸಾಮಾನ್ಯವಾಗಿ ಪರವಾಗಿಲ್ಲ, ಆದರೆ ಅಷ್ಟು ಬೇಕಾಗುವುದು ಅಪರೂಪ.

ಯಾಕೆ ಬೇಕಾಗುವುದಿಲ್ಲ? ನೀವು ಕರೆಂಟಿಗೆ ಎಷ್ಟು ಗಂಟೆ ಸಿಕ್ಕಿಸಿರುತ್ತೀರಿ ಅಂತ ಯೋಚಿಸಿ. ಸಂಜೆ ಐದಕ್ಕೆ ಸೈಟಿಗೆ ಬಂದು ಬೆಳಗ್ಗೆ ಹತ್ತಕ್ಕೆ ಹೊರಟರೆ 17 ಗಂಟೆ. ನನ್ನದು 110 ಆಂಪಿಯರ್ ಅವರ್ ಲೆಡ್. ಅರ್ಧ ಖಾಲಿ ಅಂದರೆ 55 ತುಂಬಬೇಕು. ಲೆಡ್ ಹಾಕಿದ್ದೆಲ್ಲ ಇಟ್ಟುಕೊಳ್ಳುವುದಿಲ್ಲ, ಸ್ವಲ್ಪ ಬಿಸಿಯಾಗಿ ಹೋಗುತ್ತದೆ, ಹಾಗಾಗಿ 63 ಅಂತಿಟ್ಟುಕೊಳ್ಳಿ. ಇದರ ಮೇಲೆ ಫ್ರಿಜ್ಜು, ಲೈಟು ಸೇರಿ ಸರಾಸರಿ 2 ಆಂಪ್ಸ್ ತಿನ್ನುತ್ತಲೇ ಇರುತ್ತವೆ. ಈಗ 5 ಆಂಪ್ಸ್ ಚಾರ್ಜರ್ ಹಾಕಿದರೆ ಬ್ಯಾಟರಿಗೆ ಸಿಗುವುದು 3. ಅಂದರೆ 21 ಗಂಟೆ, ಹೊರಡುವ ಹೊತ್ತಿಗೂ ಮುಗಿದಿರುವುದಿಲ್ಲ. 10 ಆಂಪ್ಸ್ ಆದರೆ 8 ಸಿಗುತ್ತದೆ, ಎಂಟು ಗಂಟೆ, 14.4ರಲ್ಲಿ ಹಿಡಿದಿಡುವ ನಿಧಾನದ ಎರಡನೇ ಹಂತ ಸೇರಿಸಿದರೂ ಬೆಳಗಾಗುವಷ್ಟರಲ್ಲಿ ಫುಲ್. 20 ಆಂಪ್ಸ್ ಆದರೆ ಮೊದಲ ಭಾಗ ಮೂರೂವರೆ ಗಂಟೆಯಲ್ಲಿ ಮುಗಿಯುತ್ತದೆ. ಆಮೇಲಿನ ನಿಧಾನದ ಹಂತಕ್ಕೆ ಮಾತ್ರ ಇನ್ನೂ ಮೂರ್ನಾಲ್ಕು ಗಂಟೆ ಬೇಕೇ ಬೇಕು.

ಅಂಗಡಿಯಲ್ಲಿ ಯಾರೂ ಹೇಳದ ವಿಷಯ ಇದೇ. ಆ ನಿಧಾನದ ಹಂತವನ್ನು ದೊಡ್ಡ ಚಾರ್ಜರ್ ಗಿಡ್ಡ ಮಾಡುವುದಿಲ್ಲ. ಅಲ್ಲಿ ಎಷ್ಟು ಎಳೆಯಬೇಕು ಅಂತ ತೀರ್ಮಾನಿಸುವುದು ಬ್ಯಾಟರಿ. 40 ಆಂಪ್ಸಿನದನ್ನು ತಂದು 100ರ ಲೆಡ್ ಬ್ಯಾಟರಿಗೆ ಹಾಕಿದರೆ ದುಡ್ಡು ಜಾಸ್ತಿ ಹೋಗುತ್ತದೆ, ಬ್ಯಾಟರಿ ಬಿಸಿಯಾಗುತ್ತದೆ, ಉಳಿಯುವ ಸಮಯ ಅಷ್ಟಕ್ಕಷ್ಟೇ. ರಾತ್ರಿಯಿಡೀ ಸೈಟಿನಲ್ಲಿ ನಿಲ್ಲುವವರಾದರೆ ಒಂದು ಬ್ಯಾಟರಿಗೆ 10ರಿಂದ 15, ಎರಡಕ್ಕೆ 20ರಿಂದ 30 ಸಾಕು. ಜನರೇಟರ್ ಹಾಕಿಕೊಂಡು ಎರಡು ಗಂಟೆಯಲ್ಲಿ ತುಂಬಬೇಕು ಅನ್ನುವವರದು ಬೇರೆ ಕಥೆ, ಅವರು ಲಿಥಿಯಂ ಕಡೆ ನೋಡುವುದೇ ವಾಸಿ.

ಸೈಟಿನ ಕರೆಂಟ್ ಕಂಬದ ಕಡೆಯ ಲೆಕ್ಕವನ್ನೂ ಮಾಡಿಬಿಡೋಣ. ಕ್ಯಾಂಪ್‌ಸೈಟಿನ ನೀಲಿ ಪ್ಲಗ್ಗಿನ ಪಾಯಿಂಟ್ ಇಲ್ಲಿ ಸಾಮಾನ್ಯವಾಗಿ 10 ಅಥವಾ 16 ಆಂಪ್ಸ್. ಫ್ರಾನ್ಸ್ ಕಡೆ ಹೋದರೆ 6 ಕೂಡ ಸಿಗುತ್ತದೆ. ಇದು 230 ವೋಲ್ಟಿನ ಆಂಪ್ಸ್, ಚಾರ್ಜರ್ ಮೇಲೆ ಬರೆದಿರುವುದು 12 ವೋಲ್ಟ್ ಕಡೆಯ ಆಂಪ್ಸ್. ಇವೆರಡನ್ನೂ ಗೊಂದಲ ಮಾಡಿಕೊಂಡು '10 ಆಂಪ್ ಸೈಟಿನಲ್ಲಿ 30 ಆಂಪ್ ಚಾರ್ಜರ್ ಹೇಗೆ ಓಡುತ್ತದೆ' ಅಂತ ಹೆದರುವವರಿದ್ದಾರೆ. ಓಡುತ್ತದೆ. 30 ಆಂಪ್ಸ್ ಅಂದರೆ 14.4 ವೋಲ್ಟಿಗೆ 432 ವ್ಯಾಟ್. ಒಳಗೆ ಪೋಲಾಗುವುದನ್ನೂ ಸೇರಿಸಿ 500 ಅನ್ನಿ. ಕಂಬದಿಂದ ಎಳೆಯುವುದು 2 ಆಂಪ್ಸ್ ಚಿಲ್ಲರೆ. ತೊಂದರೆ ಆಗುವುದು ಚಾರ್ಜರ್ ಒಂದರಿಂದಲೇ ಅಲ್ಲ, ಜೊತೆಗಾರರಿಂದ. 2 ಕಿಲೋವ್ಯಾಟ್ ಫ್ಯಾನ್ ಹೀಟರ್ ಅಂದರೆ 8.7, ಅದರ ಮೇಲೆ ಚಹಾ ಕುಡಿಯೋಣ ಅಂತ 1 ಕಿಲೋವ್ಯಾಟ್ ಕೆಟಲ್ ಹಾಕಿದರೆ 4.3, ಚಾರ್ಜರಿನ 2.1 ಸೇರಿ 15 ದಾಟಿತು. 10 ಆಂಪ್ ಸೈಟಿನಲ್ಲಿ ಟಪ್ ಅಂತ ಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ಸೈಟಿನವರ ಬಾಗಿಲು ತಟ್ಟಿ ಕಂಬದ ಬ್ರೇಕರ್ ಹಾಕಿಸಿಕೊಳ್ಳುವುದು ಎಂಥ ಮರ್ಯಾದೆಯ ಕೆಲಸ ಅಂತ ನನ್ನನ್ನು ಕೇಳಿ. 6 ಆಂಪ್ ಸೈಟಿನಲ್ಲಿ ಸಿಗುವುದೇ 1380 ವ್ಯಾಟ್. ಚಾರ್ಜರ್ 500 ತಿಂದರೆ ಉಳಿದದ್ದು 900ಕ್ಕೂ ಕಡಿಮೆ. ಅದಕ್ಕೇ ಆಂಪ್ಸ್ ಇಳಿಸುವ ಆಯ್ಕೆ ಇರುವ ಚಾರ್ಜರ್ ಸಿಕ್ಕರೆ ಬಿಡಬೇಡಿ.

ಇನ್ನು ವ್ಯಾನಿಗೇ ಸಂಬಂಧಪಟ್ಟ ಕೆಲವು ವಿಷಯ. ಕಾರಿನ ಬ್ಯಾಟರಿಗೆ ಅಂತ ಮಾರುವ ಸಣ್ಣ ಸ್ಮಾರ್ಟ್ ಚಾರ್ಜರುಗಳು ಬ್ಯಾಟರಿ ಒಂಟಿಯಾಗಿದೆ ಅಂದುಕೊಂಡು ಕೆಲಸ ಮಾಡುತ್ತವೆ. ಕೆಲವು ಮಧ್ಯದಲ್ಲಿ ಚಾರ್ಜ್ ನಿಲ್ಲಿಸಿ, ವೋಲ್ಟೇಜ್ ಇಳಿಯುತ್ತದಾ ಅಂತ ಪರೀಕ್ಷೆ ಮಾಡುತ್ತವೆ. ಆ ಹೊತ್ತಿಗೇ ಫ್ರಿಜ್ ಎಳೆದರೆ ಬ್ಯಾಟರಿ ಕೆಟ್ಟಿದೆ ಅಂತ ಕೆಂಪು ದೀಪ ಹಾಕಿ ಕೂರುತ್ತವೆ. ಆದ್ದರಿಂದ ಲೋಡ್ ಇದ್ದಾಗಲೂ ಚಾರ್ಜ್ ಮಾಡುತ್ತದಾ ಅಂತ ಮ್ಯಾನ್ಯುಯಲ್ ನೋಡಿ. ಕರೆಂಟ್ ಹೋಗಿ ಬಂದಾಗ ತಾನೇ ಶುರುವಾಗುತ್ತದಾ, ಇಲ್ಲ ಮತ್ತೆ ಬಟನ್ ಒತ್ತಬೇಕಾ ಅನ್ನುವುದನ್ನೂ ನೋಡಿ. ಬಟನ್ ಒತ್ತಬೇಕಾದದ್ದನ್ನು ಸೀಟಿನ ಕೆಳಗೆ ಸ್ಕ್ರೂ ಹಾಕಿ ಕೂರಿಸಿದರೆ ಪ್ರತಿ ಸಲ ಮಕ್ಕಳನ್ನು ಎಬ್ಬಿಸಿ ಸೀಟು ಎತ್ತಬೇಕು.

ಶಬ್ದ. 20 ಆಂಪ್ಸ್ ಮೇಲಿನ ಚಾರ್ಜರುಗಳಲ್ಲಿ ಬಹಳಷ್ಟಕ್ಕೆ ಫ್ಯಾನ್ ಇರುತ್ತದೆ. ಅಂಗಡಿಯಲ್ಲಿ ಕೇಳಿಸದ ಆ ಸದ್ದು, ತಲೆದಿಂಬಿನಿಂದ ಎರಡು ಅಡಿ ದೂರದಲ್ಲಿ ರಾತ್ರಿ ಎರಡಕ್ಕೆ ಹೇರ್ ಡ್ರೈಯರ್ ಥರ ಕೇಳಿಸುತ್ತದೆ. ರಾತ್ರಿಗೆ ಕರೆಂಟ್ ಇಳಿಸಿ ಫ್ಯಾನ್ ಸುಮ್ಮನಿರಿಸುವ ಮೋಡ್ ಇದ್ದರೆ ನಿದ್ದೆ ಉಳಿಯುತ್ತದೆ.

ಚಳಿ. ಲೆಡ್ ಬ್ಯಾಟರಿಗೆ ಚಳಿಯಲ್ಲಿ ಸ್ವಲ್ಪ ಜಾಸ್ತಿ ವೋಲ್ಟೇಜ್ ಬೇಕು, ಸೆಕೆಯಲ್ಲಿ ಕಡಿಮೆ. 25 ಡಿಗ್ರಿಯಿಂದ ಒಂದೊಂದು ಡಿಗ್ರಿ ಇಳಿದಂತೆ ಸುಮಾರು 0.02 ವೋಲ್ಟ್ ಏರಿಸಬೇಕು. 5 ಡಿಗ್ರಿಯ ರಾತ್ರಿ ಅಂದರೆ 0.4 ವೋಲ್ಟ್ ವ್ಯತ್ಯಾಸ, ಅದೇನೂ ಕಮ್ಮಿಯಲ್ಲ. ತಾಪಮಾನ ನೋಡಿ ತಾನೇ ಸರಿಮಾಡಿಕೊಳ್ಳುವ ಚಾರ್ಜರ್ ಇಲ್ಲಿನ ಹವೆಗೆ ಒಳ್ಳೆಯದು. ಸೆನ್ಸರ್ ಬ್ಯಾಟರಿಗೇ ಅಂಟುವಂತಿದ್ದರೆ ಇನ್ನೂ ಒಳ್ಳೆಯದು.

ಲಿಥಿಯಂ ಇರುವವರಿಗೆ ಇದೆಲ್ಲ ಬೇರೆಯೇ. ತಾಪಮಾನ ನೋಡಿ ವೋಲ್ಟೇಜ್ ಏರಿಳಿಸುವುದು ಅದಕ್ಕೆ ಬೇಡ, ಆ ಸೌಲಭ್ಯ ಆಫ್ ಆಗಿರಬೇಕು. ಸೊರಗಿದ ಲೆಡ್ ಬ್ಯಾಟರಿಗೆ ಜೀವ ತುಂಬಲು 15 ವೋಲ್ಟ್ ದಾಟಿಸುವ ರಿಕಂಡಿಷನ್ ಮೋಡ್ ಅದಕ್ಕೆ ವಿಷ (ಜೆಲ್ಲಿಗೂ ಅಷ್ಟೇ, ಎಜಿಎಂಗೂ ಕಂಪನಿ ಹೇಳದೆ ಹಾಕಬೇಡಿ). ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡಲೇಬಾರದು, ಒಳಗೆ ಲೋಹ ಕೂತು ಸೆಲ್ ಹಾಳಾಗುತ್ತದೆ. ಜನವರಿಯಲ್ಲಿ ಮನೆ ಮುಂದೆ ನಿಂತ ವ್ಯಾನಿಗೆ ಇದು ದೂರದ ಮಾತಲ್ಲ. ಬ್ಯಾಟರಿಯೊಳಗಿನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಚಳಿಯಲ್ಲಿ ಚಾರ್ಜ್ ತಡೆಯುತ್ತದಾ ಅಂತ ಕೊಳ್ಳುವಾಗಲೇ ಕೇಳಿ. ಇನ್ನೊಂದು ಪೀಕಲಾಟ ಇದೆ. ಲಿಥಿಯಂ ಪೂರ್ತಿ ಖಾಲಿಯಾದರೆ ಬಿಎಂಎಸ್ ಬಾಗಿಲು ಹಾಕಿಕೊಳ್ಳುತ್ತದೆ, ಹೊರಗಿಂದ ನೋಡಿದರೆ ಸೊನ್ನೆ ವೋಲ್ಟ್. ಎಷ್ಟೋ ಚಾರ್ಜರುಗಳು ಬ್ಯಾಟರಿಯೇ ಇಲ್ಲ ಅಂದುಕೊಂಡು ಶುರುವೇ ಆಗುವುದಿಲ್ಲ. ಲಿಥಿಯಂ ಮೋಡ್ ಇರುವ ಒಳ್ಳೆಯ ಚಾರ್ಜರುಗಳು ಸಣ್ಣ ಕರೆಂಟ್ ಕೊಟ್ಟು ಅದನ್ನು ಎಬ್ಬಿಸುತ್ತವೆ.

ಹೆಸರು ಹೇಳಿ ಅನ್ನುವವರಿಗೆ. ವಿಕ್ಟ್ರಾನ್ ಬ್ಲೂ ಸ್ಮಾರ್ಟ್ ಐಪಿ22 ಅನ್ನುವುದು 15, 20, 30 ಆಂಪ್ಸಿನಲ್ಲಿ ಸಿಗುತ್ತದೆ. ಫೋನಿನಿಂದಲೇ ಬ್ಯಾಟರಿಯ ಜಾತಿ, ವೋಲ್ಟೇಜ್, ಆಂಪ್ಸ್ ಬದಲಾಯಿಸಬಹುದು, ಲಿಥಿಯಂ ಆಯ್ಕೆಯೂ ಇದೆ. ಇದರಲ್ಲೇ ಮೂರು ಔಟ್‌ಪುಟ್ ಇರುವುದೂ ಇದೆ, ಒಂದನ್ನು ಎಂಜಿನ್ ಬ್ಯಾಟರಿಗೆ ಕೊಡಬಹುದು. ಮೂರು ಅಂದರೆ ಮೂರು ಪಟ್ಟು ಅಲ್ಲ, ಒಟ್ಟು ಆಂಪ್ಸ್ ಹಂಚಿಹೋಗುತ್ತದೆ. ಸಿಟೆಕ್ ಎಂಎಕ್ಸ್‌ಎಸ್ 10 ಅನ್ನುವುದು 10 ಆಂಪ್ಸಿನದು, ಲೆಡ್ಡಿಗೆ ಗಟ್ಟಿ. ಲಿಥಿಯಂಗೆ ಅದಲ್ಲ, ಅದೇ ಕಂಪನಿ ಬೇರೆಯದನ್ನೇ ಮಾರುತ್ತದೆ. ಐಪಿ22 ಅಂದರೆ ತೊಟ್ಟಿಕ್ಕುವ ನೀರು ತಡೆಯುವಷ್ಟು ಮಾತ್ರ, ವ್ಯಾನಿನ ಒಳಗೆ ಸಾಕು. ಹೊರಗಿನ ಲಾಕರಿನಲ್ಲಿ ಇಡುವುದಾದರೆ ನೀರಿನ ರಭಸ ತಡೆಯುವ ಐಪಿ65 ನೋಡಿ. ನಾನು ಕೊನೆಗೆ ತಗೊಂಡದ್ದು 20 ಆಂಪ್ಸಿನದು. ಮುಂದೆ ಎರಡನೇ ಬ್ಯಾಟರಿ ಹಾಕುವ ಆಸೆ ಇದೆ, ಅದಕ್ಕೆ.

ಇಷ್ಟೆಲ್ಲ ಆರಿಸಿ ಆಮೇಲೆ ಸಣಕಲು ವೈರ್ ಹಾಕುವವರನ್ನು ಕಂಡಿದ್ದೇನೆ. ಲೆಕ್ಕ ನೋಡಿ. 30 ಆಂಪ್ಸ್, ಚಾರ್ಜರಿನಿಂದ ಬ್ಯಾಟರಿಗೆ 2 ಮೀಟರ್, ಹೋಗಿ ಬರುವುದಕ್ಕೆ 4 ಮೀಟರ್ ತಾಮ್ರ. 6 ಸ್ಕ್ವೇರ್ ಎಂಎಂ ವೈರಿನಲ್ಲಿ ಸುಮಾರು 0.35 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 16 ಹಾಕಿದರೆ 0.13. ಚಾರ್ಜರ್ 14.4 ಅಂದುಕೊಂಡಿರುತ್ತದೆ, 6ರ ವೈರಿನಲ್ಲಿ ಬ್ಯಾಟರಿಗೆ ತಲುಪುವುದು 14.05. ದಪ್ಪ ವೈರ್, ಗಿಡ್ಡ ದಾರಿ. ಪಾಸಿಟಿವ್ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ಎಷ್ಟರದ್ದು ಅಂತ ಮ್ಯಾನ್ಯುಯಲ್ಲಿನಲ್ಲಿರುತ್ತದೆ. ಮೊಸಳೆ ಕ್ಲಿಪ್ಪು ಗ್ಯಾರೇಜಿಗೆ ಸರಿ, ಓಡುವ ವ್ಯಾನಿಗೆ ರಿಂಗ್ ಟರ್ಮಿನಲ್ಲೇ ಬೇಕು. ನೀರಿನ ಲೆಡ್ ಬ್ಯಾಟರಿಯಾದರೆ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದರ ಗಾಳಿಕೊಳವೆ ವ್ಯಾನಿನಿಂದ ಹೊರಗೆ ಹೋಗಿರಬೇಕು. ಚಾರ್ಜರನ್ನು ಅದರ ನೆತ್ತಿಯ ಮೇಲೆ ಕೂರಿಸಬೇಡಿ.

12 ವೋಲ್ಟ್ ಕಡೆ ನೀವೇ ಮಾಡಿಕೊಳ್ಳಬಹುದು. 230 ವೋಲ್ಟ್ ಕಡೆ ಮಾತ್ರ ಎಲೆಕ್ಟ್ರಿಷಿಯನ್ ಕರೆಸಿ. ಬ್ರಿಟನ್‌ನ ವೈರಿಂಗ್ ನಿಯಮ ಬಿಎಸ್ 7671ರಲ್ಲಿ ಕ್ಯಾರವಾನ್, ಕ್ಯಾಂಪರ್‌ಗಳಿಗೇ ಬೇರೆ ವಿಭಾಗ ಇದೆ, 721. 30 ಮಿಲಿಆಂಪ್ಸಿನ ಆರ್‌ಸಿಡಿ (ಕರೆಂಟ್ ಸೋರಿದರೆ ತಕ್ಷಣ ಕಡಿದುಹಾಕುವ ಸ್ವಿಚ್) ಇರಬೇಕು, ವ್ಯಾನಿನ ಲೋಹದ ಮೈ ಅರ್ತ್ ಆಗಿರಬೇಕು. ತಗಡಿನ ಡಬ್ಬದೊಳಗೆ ಮಕ್ಕಳ ಜೊತೆ ಮಲಗುತ್ತೇವೆ, ಇಲ್ಲಿ ಜುಗ್ಗತನ ಬೇಡ. ಆ ಕಿತ್ತಳೆ ಬಣ್ಣದ 25 ಮೀಟರ್ ಕೇಬಲ್ ಇದೆಯಲ್ಲ, ಕಂಬ ಹತ್ತಿರವೇ ಇದ್ದರೂ ಸುರುಳಿಯಿಂದ ಪೂರ್ತಿ ಬಿಚ್ಚಿ ಹಾಕಿ. ಸುತ್ತಿದ ಹಾಗೇ ಬಿಟ್ಟು ಹೀಟರ್ ಹಾಕಿದರೆ ಒಳಗಿನ ಸುತ್ತು ಕಾದು ಕರಗುತ್ತದೆ.

ಎಲ್ಲ ಆದಮೇಲೆ ಒಂದು ಪರೀಕ್ಷೆ ಮಾಡಿ. ಪೂರ್ತಿ ಚಾರ್ಜ್ ಆಗಲು ಬಿಡಿ. ಕರೆಂಟ್ ತೆಗೆಯಿರಿ, ವ್ಯಾನಿನ ಎಲ್ಲ ಸ್ವಿಚ್ ಆಫ್ ಮಾಡಿ, ಛಾವಣಿಯಲ್ಲಿ ಸೋಲಾರ್ ಇದ್ದರೆ ಅದನ್ನೂ ಬಿಡಿಸಿ, ಒಂದು ರಾತ್ರಿ ಸುಮ್ನೆ ಬಿಡಿ. ಬೆಳಗ್ಗೆ ಬ್ಯಾಟರಿಯ ಟರ್ಮಿನಲ್ಲಿಗೇ ಮೀಟರ್ ಇಡಿ. ಲೆಡ್ ಆದರೆ 12.7ರ ಹತ್ತಿರ ತೋರಿಸಬೇಕು. 12.4 ಅಂದರೆ ಬ್ಯಾಟರಿ ತುಂಬುತ್ತಿಲ್ಲ ಅಥವಾ ಹಿಡಿದಿಟ್ಟುಕೊಳ್ಳುತ್ತಿಲ್ಲ. ಲಿಥಿಯಂ ಆದರೆ 13.3, 13.4. ಮೀಟರ್ ನೋಡಿ ಬೇಜಾರಾಗುವ ಮುಂಚೆ ಫ್ರಿಜ್ ನಿಜವಾಗಿಯೂ ಆಫ್ ಆಗಿತ್ತಾ ನೋಡಿ. ಹೊಸ ಚಾರ್ಜರ್ ಹಾಕಿದ ಮರುದಿನ ನಾನು ಮಾರಿದವರಿಗೆ ಫೋನ್ ಮಾಡಿ ಹತ್ತು ನಿಮಿಷ ಜಗಳ ಆಡಿದೆ, ಆಮೇಲೆ ಬಾಗಿಲು ತೆಗೆದರೆ ಒಳಗೆ ಮೊಸರು ತಣ್ಣಗಿತ್ತು.